ತೋಟದ ಡಬ್ಬಿಗಳು ಮಾತು ಬಿಟ್ಟ ವರ್ಷ

ಮೇಷ್ಟ್ರ ಮೇಲೆ ನಾನು ಕೂಗಾಡಿದ್ದು ಜೀವಮಾನದಲ್ಲಿ ಒಂದೇ ಸಲ. ಅದೂ ಹೊಳಲ್ಕೆರೆ ಬಸ್ ಸ್ಟ್ಯಾಂಡಿನಲ್ಲಿ, ಕಂಡಕ್ಟರು, ಹೂವಿನವಳು ಎಲ್ಲರ ಎದುರಿಗೆ. ಆವತ್ತು ನಾವಿಬ್ಬರೂ ಹೊಸದುರ್ಗಕ್ಕೆ ಹೋಗಬೇಕಿತ್ತು. ನಾನು ಚಿತ್ರದುರ್ಗದಿಂದ ಬಸ್ಸಿನಲ್ಲಿ ಬರುವುದು, ಅವರು ತಮ್ಮ ಊರು ಹೊಳಲ್ಕೆರೆಯಲ್ಲಿ ಅದೇ ಬಸ್ಸು ಹತ್ತುವುದು ಎಂದು ಮಾತಾಗಿತ್ತು. ಬಸ್ಸು ಬಂತು, ಅವರಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಇಳಿದು ಕಾದೆ. ಹೊಸದುರ್ಗದ ಬಸ್ಸುಗಳು ಒಂದಾದ ಮೇಲೊಂದು ಹೋದವು. ಬಿಸಿಲಿಗೆ ನನ್ನ ತಲೆ ಕಾದು ಹೆಂಚಾಯಿತು. ಕೊನೆಗೆ ಶಿವಮೊಗ್ಗದ ಕಡೆಯಿಂದ ಬಂದ ಬಸ್ಸಿನಿಂದ ಕೈಚೀಲ ಎದೆಗೆ ಅವಚಿಕೊಂಡು ಇಳಿದರು. ನಾನು ಹಿಂದೆಮುಂದೆ ನೋಡದೆ ಶುರು ಹಚ್ಚಿಕೊಂಡೆ. ಎಲ್ಲಿಗೆ ಹೋಗಿದ್ದಿರಿ, ಫೋನು ಯಾತಕ್ಕೆ ಇಟ್ಟುಕೊಂಡಿದ್ದೀರಿ, ನನಗೇನು ಬೇರೆ ಕೆಲಸವಿಲ್ಲವೇ ಎಂದೆಲ್ಲ ಬಾಯಿಗೆ ಬಂದಂತೆ ಅಂದೆ. ಅವರು ತಪ್ಪು ಮಾಡಿದ ಹುಡುಗನ ಹಾಗೆ ನಿಂತು ಕೇಳಿಸಿಕೊಂಡರು.

ಮೇಷ್ಟ್ರು ಅಂದರೆ ಚಿತ್ರದುರ್ಗದ ಇಂಜಿನಿಯರಿಂಗ್ ಕಾಲೇಜಿನಲ್ಲಿ ನನಗೆ ಕಂಪ್ಯೂಟರಿನ ಸಿ ಭಾಷೆ ಕಲಿಸಿದವರು. ಆಮೇಲೆ ನಾನೂ ಅದೇ ಕಾಲೇಜಿನಲ್ಲಿ ಪಾಠಕ್ಕೆ ನಿಂತಾಗ, ಪಕ್ಕದ ಟೇಬಲ್ಲಿನಲ್ಲಿ ವರ್ಷಾನುಗಟ್ಟಲೆ ಜೊತೆಯಾಗಿದ್ದವರು. ನಾನು ಹಿರಿಯೂರಿನವಳು. ನಮ್ಮ ಅಬ್ಬಾ ಪಂಪ್‌ಸೆಟ್ ಮೋಟಾರಿಗೆ ವೈಂಡಿಂಗ್ ಕಟ್ಟುವ ಅಂಗಡಿ ಇಟ್ಟಿದ್ದರು. ಅಬ್ಬಾ ತೀರಿಕೊಂಡ ಮೇಲೆ ನನ್ನ ಪಾಲಿಗೆ ಗದರುವವರು ಎಂದು ಉಳಿದದ್ದು ಮೇಷ್ಟ್ರು ಒಬ್ಬರೇ. ಅವರನ್ನು ನಾನೇ ಗದರಿಸುವ ಕಾಲ ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಸ್ಟ್ಯಾಂಡಿನ ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಟೀ ಹೇಳಿದರು. ಲೋಟ ಮುಟ್ಟದೆ ನಡೆದದ್ದನ್ನು ಹೇಳಿದರು. ನಿಂತಿದ್ದ ಬಸ್ಸು ಹತ್ತಿ ಕುಳಿತರಂತೆ. ಊರು ದಾಟಿ ಎಷ್ಟೋ ದೂರ ಹೋದ ಮೇಲೆ, ತಾನು ಯಾವ ಊರಿಗೆ ಹೊರಟಿದ್ದೇನೆ ಎನ್ನುವುದೇ ಹೊಳೆಯಲಿಲ್ಲವಂತೆ. ಟಿಕೆಟ್ಟಿನ ಮೇಲಿನ ಊರಿನ ಹೆಸರು ಓದಿಕೊಂಡು, ಇಲ್ಲಿ ನನಗೇನು ಕೆಲಸ ಎಂದು ಯೋಚಿಸಿ ಇಳಿದು, ಎದುರಿನ ಬಸ್ಸು ಹಿಡಿದು ಬಂದಿದ್ದರು. ಇದು ಮೊದಲ ಸಲವಲ್ಲ, ದಾವಣಗೆರೆಗೆ ಹೋಗಿ ಡಾಕ್ಟರಿಗೆ ತೋರಿಸಿಯೂ ಆಗಿತ್ತು. ಮರೆವಿನ ಕಾಯಿಲೆ, ಶುರುವಾಗಿದೆ, ನಿಲ್ಲಿಸುವ ಔಷಧಿಯಿಲ್ಲ ಎಂದಿದ್ದರಂತೆ. ಆರುತ್ತಿದ್ದ ಲೋಟವನ್ನು ನಾನು ಅವರ ಕಡೆ ಸರಿಸಿದೆ.

"ತೋಟದ ಕೆಲ್ಸ ಅರ್ಧಕ್ಕೆ ನಿಂತೈತೆ ಕಣಮ್ಮ," ಅಂದರು. "ತಲೆ ಪೂರ್ತಿ ಖಾಲಿ ಆಗೋದ್ರೊಳಗೆ ಅದನ್ನ ಮುಗಿಸ್ಬೇಕು. ನೀನು ಬರ್ಕೊಡಬ್ಯಾಡ. ನಾನು ತಪ್ಪು ಮಾಡಿದ್ರೂ ನಾನೇ ಹುಡುಕ್ಬೇಕು. ಮಾತು ಕೊಡು."

ಕೊಟ್ಟೆ. ಕೊಡದೆ ಇನ್ನೇನು ಮಾಡಲಿ.

ತೋಟದ ಕೆಲಸ ಏನೆಂದು ಹೇಳಬೇಕು. ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯ ಹತ್ತಿರ ಮೇಷ್ಟ್ರ ಅಕ್ಕನದೊಂದು ತೆಂಗಿನ ತೋಟವಿದೆ. ನಾನು ಅವರನ್ನು ದೊಡ್ಡಮ್ಮ ಎನ್ನುತ್ತೇನೆ. ಗಂಡ ಹೋದ ಮೇಲೆ ತೋಟವನ್ನೆಲ್ಲ ತಾವೇ ನಿಭಾಯಿಸಿದ ಗಟ್ಟಿ ಹೆಂಗಸು. ಯಾವ ಸಾಲಿಗೆ ನೀರು ಸಾಕಾಗಿದೆ, ಯಾವ ಕಡೆ ಒಣಗಿದೆ ಎಂದು ದಿನವೂ ತೋಟ ಸುತ್ತಿ ನೋಡುತ್ತಿದ್ದರು. ಈಗ ಮೊಣಕಾಲು ಕೇಳುತ್ತಿರಲಿಲ್ಲ. ಅಕ್ಕ ಕುಳಿತಲ್ಲೇ ತೋಟದ ತೇವ ತಿಳಿಯಬೇಕು, ಇದು ಮೇಷ್ಟ್ರ ಆಸೆ. ಕಾಲೇಜಿನ ಒಂದು ಸಣ್ಣ ಯೋಜನೆಯ ನೆಪದಲ್ಲಿ ನಾವು ಅಲ್ಲಿ ಡಬ್ಬಿಗಳನ್ನು ನೆಟ್ಟೆವು. ಊಟದ ಡಬ್ಬಿಯಷ್ಟೇ ದೊಡ್ಡವು. ಒಂದೊಂದರ ತಲೆಯ ಮೇಲೂ ಅಂಗೈಯಗಲದ ಸೋಲಾರ್ ಫಲಕ, ಒಳಗೆ ಪುಟ್ಟ ಬ್ಯಾಟರಿ, ಪುಟ್ಟ ರೇಡಿಯೋ. ಕೆಳಗೆ ಮಣ್ಣಿಗೆ ಚುಚ್ಚಿದ ಕಡ್ಡಿ ತೇವ ಅಳೆಯುತ್ತದೆ.

ಆ ರೇಡಿಯೋದ ದನಿ ಬಹಳ ದೂರ ಹೋಗುವುದಿಲ್ಲ. ನಡುವೆ ಮರದ ಬೊಡ್ಡೆಗಳು ಬೇರೆ ಅಡ್ಡ. ಅದಕ್ಕೆ ತೋಟದ ಆ ತುದಿಯ ಡಬ್ಬಿ ತನ್ನ ಸುದ್ದಿಯನ್ನು ಪಕ್ಕದ ಡಬ್ಬಿಗೆ ಹೇಳಬೇಕು, ಅದು ಅದರ ಪಕ್ಕದ್ದಕ್ಕೆ, ಹೀಗೆ ಬಾಯಿಂದ ಬಾಯಿಗೆ ದಾಟಿ ಪಂಪ್‌ಹೌಸಿನ ಡಬ್ಬಿ ಮುಟ್ಟಬೇಕು. ಅದರೊಳಗೆ ಸಿಮ್ ಕಾರ್ಡಿದೆ, ಅಲ್ಲಿಂದ ದೊಡ್ಡಮ್ಮನ ಫೋನಿಗೆ. ಯಾರು ಯಾರಿಗೆ ಹೇಳಬೇಕು, ನಡುವೆ ಒಬ್ಬರು ಸತ್ತರೆ ಬೇರೆ ಯಾರ ಮೂಲಕ ಕಳಿಸಬೇಕು ಎಂದು ತೀರ್ಮಾನಿಸುವುದೇ ರೂಟಿಂಗ್ ಪ್ರೋಟೋಕಾಲ್. ಅದನ್ನು ಮೇಷ್ಟ್ರು ಸಿ ಭಾಷೆಯಲ್ಲಿ ಬರೆಯುತ್ತಿದ್ದರು. ಡಬ್ಬಿಯ ಜ್ಞಾಪಕಶಕ್ತಿ ಬಹಳ ಕಡಿಮೆ. ಒಂದು ಫೋಟೋ ಕೂಡ ಹಿಡಿಯದಷ್ಟು ಜಾಗದಲ್ಲಿ ಅಕ್ಕಪಕ್ಕದವರ ಪಟ್ಟಿ, ಅವರು ಕೊನೆಗೆ ಏನು ಹೇಳಿದರು, ಎಲ್ಲ ಇಟ್ಟುಕೊಳ್ಳಬೇಕು. ಇಂಥ ಇಕ್ಕಟ್ಟಿನಲ್ಲಿ ಸಂಸಾರ ಮಾಡುವುದೆಂದರೆ ಮೇಷ್ಟ್ರಿಗೆ ಹಬ್ಬ.

ಅವರದೊಂದು ಪದ್ಧತಿಯಿತ್ತು. ಬರೆದ ಪ್ರೋಗ್ರಾಮನ್ನು ಒಬ್ಬರಿಗೆ ಗಟ್ಟಿಯಾಗಿ ಓದಿ ಹೇಳದೆ ಡಬ್ಬಿಗೆ ಹಾಕುತ್ತಿರಲಿಲ್ಲ. ಕಂಪ್ಯೂಟರಿನ ಭಾಷೆಯಲ್ಲಲ್ಲ, ನಮ್ಮ ಭಾಷೆಯಲ್ಲಿ. "ಪಕ್ಕದೋನು ಬಹಳ ಹೊತ್ತಿಂದ ಸುದ್ದಿ ಇಲ್ಲ. ಅಂದ್ರೆ ಪಟ್ಟಿಯಿಂದ ತೆಗಿ. ತೆಗ್ದ ಮೇಲೆ ಜಾಗ ಖಾಲಿ ಅಂತ ಗುರುತು ಹಾಕು" ಎಂದು ಸಾಲು ಸಾಲಿಗೂ ಓದುವರು. ಎಲ್ಲಿ ನಾಲಿಗೆ ತಡವರಿಸುತ್ತದೋ ಅಲ್ಲೇ ತಪ್ಪಿರುತ್ತದೆ ಎನ್ನುವುದು ಅವರ ನಂಬಿಕೆ. ಕೇಳುವವರು ಯಾರಾದರೂ ಆದೀತು. ನಾನಿಲ್ಲದಾಗ ಮನೆಯಲ್ಲಿ ಹೆಂಡತಿಗೆ ಓದಿ ಹೇಳುತ್ತಿದ್ದರು. ಆ ಅಮ್ಮ ಸೊಪ್ಪು ಬಿಡಿಸುತ್ತಾ ಹೂಂ ಹೂಂ ಎನ್ನುತ್ತಿದ್ದರು.

ಆ ಮಳೆಗಾಲದಲ್ಲಿ ಕೆಲಸ ಚೆನ್ನಾಗಿಯೇ ನಡೆಯಿತು. ಡಬ್ಬಿಗಳು ಮಾತಾಡಿದವು. ದೊಡ್ಡಮ್ಮ ಜಗಲಿಯ ಮೇಲೆ ಕುಳಿತು, ಮೂಡಲ ಸಾಲು ಒಣಗಿದೆ ನೀರು ಬಿಡಿ ಎಂದು ಕೂಗಿ ಹೇಳುವಾಗ ಅವರ ಮುಖ ನೋಡಬೇಕಿತ್ತು. ಮೇಷ್ಟ್ರು ಮಾತ್ರ ತೃಪ್ತರಾಗಲಿಲ್ಲ. ಒಂದು ವರ್ಷದ ಎಲ್ಲ ಕಾಲವನ್ನೂ ದಾಟಿದರೆ ಮಾತ್ರ ಮುಗಿದಂತೆ, ಅಲ್ಲಿಯವರೆಗೆ ಇಲ್ಲ ಎಂದರು.

ಇತ್ತ ಕಾಲೇಜಿನಲ್ಲಿ ಮೇಷ್ಟ್ರು ಮುಗಿಸಿದ ಪಾಠವನ್ನೇ ಮತ್ತೆ ಮಾಡುತ್ತಾರೆ ಎಂದು ಹುಡುಗರು ಗೊಣಗಲು ಶುರು ಮಾಡಿದರು. ಎರಡು ಸಲ ಕೇಳಿದರೆ ನಿಮ್ಮ ಗಂಟೇನು ಹೋಗುತ್ತದೆ ಎಂದು ನಾನು ಅವರ ಮೇಲೆ ಹರಿಹಾಯ್ದೆ. ಒಬ್ಬ ಹುಡುಗಿ ಮಾತ್ರ ಮೆಲ್ಲಗೆ ಬಂದು, ಸಾರ್ ಇವತ್ತು ಬೋರ್ಡಿನ ಮುಂದೆ ಬಹಳ ಹೊತ್ತು ಸುಮ್ಮನೆ ನಿಂತಿದ್ದರು ಮೇಡಂ, ಅವರಿಗೆ ಹುಷಾರಿಲ್ಲವಾ ಎಂದು ಕೇಳಿದಳು. ಸ್ಟಾಫ್ ರೂಮಿಗೆ ಬಂದು ನೋಡಿದರೆ ಮೇಷ್ಟ್ರು ಆಗಲೇ ದೀರ್ಘ ರಜೆಗೆ ಅರ್ಜಿ ಬರೆಯುತ್ತಿದ್ದರು. ಯಾರೂ ಹೋಗೆನ್ನುವ ಮೊದಲೇ ಎದ್ದು ಹೋದರು. ಅವರ ಟೇಬಲ್ಲಿನ ಮೇಲೆ ಮರುದಿನದಿಂದಲೇ ಉಳಿದವರು ಉತ್ತರಪತ್ರಿಕೆಗಳ ಕಟ್ಟು ಪೇರಿಸಿದರು.

ಅಲ್ಲಿಂದ ಮುಂದೆ ಕೆಲಸ ಹೊಳಲ್ಕೆರೆಯ ಅವರ ಮನೆಗೆ ಬಂತು. ಬಿಡುವಾದಾಗೆಲ್ಲ ನಾನು ಹೋಗುತ್ತಿದ್ದೆ. ಉಳಿದ ದಿನ ಫೋನಿನಲ್ಲಿ ಓದಿ ಹೇಳುವರು. ಕಷ್ಟವೆಂದರೆ, ಇವತ್ತು ಸಂಜೆ ಎಲ್ಲಿಗೆ ನಿಲ್ಲಿಸಿದ್ದರು ಎನ್ನುವುದು ನಾಳೆ ಬೆಳಗ್ಗೆ ಅವರಿಗೆ ತಿಳಿಯುತ್ತಿರಲಿಲ್ಲ. ಮಾಡಿದ್ದನ್ನೇ ಮತ್ತೆ ಮಾಡುವರು, ಒಮ್ಮೊಮ್ಮೆ ಸರಿಯಿದ್ದುದನ್ನು ಅಳಿಸಿ ಕೆಡಿಸುವರು. ಅದಕ್ಕೆ ಅಮ್ಮನೂ ನಾನೂ ಸೇರಿ ಒಂದು ಏರ್ಪಾಡು ಮಾಡಿಕೊಂಡೆವು. ಸಂಜೆ ನಾನು ಅಮ್ಮನಿಗೆ ಫೋನ್ ಮಾಡಿ ಇಷ್ಟಾಯಿತು ಎಂದು ಹೇಳುವುದು, ಬೆಳಗ್ಗೆ ಕಾಫಿ ಕೊಡುವಾಗ ಅಮ್ಮ ಅದನ್ನು ಅವರಿಗೆ ಹೇಳುವುದು. ಪಾಪ, ಆಕೆಗೆ ಒಂದಕ್ಷರ ಅರ್ಥವಾಗುತ್ತಿರಲಿಲ್ಲ. ದೇವರನಾಮ ಬಾಯಿಪಾಠ ಮಾಡಿದ ಹಾಗೆ ಮಾಡಿಕೊಂಡು, ಟೈಮರಿನ ಫಂಕ್ಷನ್ನು ಮುಗಿಯಿತಂತೆ, ಪಟ್ಟಿ ಗುಡಿಸುವುದು ಬಾಕಿಯಂತೆ ಎಂದು ಒಪ್ಪಿಸುವರು. ನಾನು ಪ್ರೋಗ್ರಾಮಿನ ಒಂದು ಚುಕ್ಕೆಯನ್ನೂ ಮುಟ್ಟಲಿಲ್ಲ.

ಆಯುಧಪೂಜೆ ಬಂತು. ಹಬ್ಬ ಮುಗಿದು ನೋಡಿದರೆ ತೋಟದ ಅರ್ಧದಷ್ಟು ಡಬ್ಬಿಗಳು ಮಾತು ಬಿಟ್ಟಿದ್ದವು.

ಮೇಷ್ಟ್ರನ್ನು ಕರೆದುಕೊಂಡು ಮಾಡದಕೆರೆಗೆ ಹೋದೆ. ತೋಟಕ್ಕೆ ಕಾಲಿಟ್ಟವಳು ಬೆಪ್ಪಾಗಿ ನಿಂತುಬಿಟ್ಟೆ. ಮನೆಯ ಕಡೆಯ ಅಷ್ಟೂ ಡಬ್ಬಿಗಳಿಗೆ ಪೂಜೆಯಾಗಿತ್ತು. ಸೋಲಾರ್ ಫಲಕವೇ ಹಣೆ ಎಂದುಕೊಂಡು ಅದರ ತುಂಬ ವಿಭೂತಿಯ ದಪ್ಪ ಪಟ್ಟೆ, ನಡುವೆ ಕುಂಕುಮ, ಮೇಲೆ ಚೆಂಡುಹೂವಿನ ಹಾರ. ಬಿಸಿಲು ಒಳಗೆ ಹೋಗಲು ಸೂಜಿಮೊನೆಯಷ್ಟು ಜಾಗವಿಲ್ಲ. ದೊಡ್ಡಮ್ಮ ಕೋಲೂರಿಕೊಂಡು ಬಂದು, ದೂರದವಕ್ಕೆ ಮಾಡೋಕೆ ಆಗಲಿಲ್ಲ, ಮೊಣಕಾಲು ಬಿಡಲಿಲ್ಲ ಎಂದು ನೊಂದುಕೊಂಡರು. ಟ್ರ್ಯಾಕ್ಟರಿಗೆ ಮಾಡ್ತೀವಿ, ಪಂಪಿಗೆ ಮಾಡ್ತೀವಿ, ನಂಗೆ ಇಷ್ಟು ಉಪಕಾರ ಮಾಡಿದ ಇವಕ್ಕೆ ಮಾಡದಿದ್ರೆ ಹೆಂಗೆ ಎಂದು ನನ್ನನ್ನೇ ಕೇಳಿದರು. ನಮ್ಮ ಅಬ್ಬಾನ ಅಂಗಡಿಯಲ್ಲೇ ಕೆಲಸದವರು ವೈಂಡಿಂಗ್ ಯಂತ್ರಕ್ಕೆ ಹೂ ಮುಡಿಸುತ್ತಿದ್ದರು, ಅಬ್ಬಾ ನಿಂತು ಮಂಡಕ್ಕಿ ಹಂಚುತ್ತಿದ್ದರು. ಅದನ್ನೆಲ್ಲ ನೋಡಿ ಬೆಳೆದ ನನಗೇ ಇದು ಹೊಳೆದಿರಲಿಲ್ಲ. ಸಿಟ್ಟು ಬಂದದ್ದು ಅಲ್ಲೇ ಇಳಿದುಹೋಯಿತು. ಬಕೆಟ್ಟು, ಬಟ್ಟೆ ತೆಗೆದುಕೊಂಡು ಒಂದೊಂದೇ ಹಣೆ ಒರೆಸುತ್ತಾ ಹೋದೆ. ದೊಡ್ಡಮ್ಮ ಮುಖ ಆಚೆ ತಿರುಗಿಸಿಕೊಂಡರು.

ಬಿಸಿಲು ತಾಗಿ ಬ್ಯಾಟರಿ ತುಂಬಿತು. ಡಬ್ಬಿಗಳು ಎಚ್ಚರವಾಗಿ ದೀಪ ಮಿಟುಕಿಸಿದವು. ಆದರೆ ಪಂಪ್‌ಹೌಸಿಗೆ ಸುದ್ದಿಯಿಲ್ಲ. ಲ್ಯಾಪ್‌ಟಾಪ್ ಹಿಡಿದು ಅವುಗಳ ಪಕ್ಕ ಕುಳಿತು ಕೇಳಿಸಿಕೊಂಡೆ. ಪಾಪ, ಅವು ಮಾತಾಡುತ್ತಲೇ ಇದ್ದವು. ಪಕ್ಕದವು ತೆಗೆದುಕೊಳ್ಳುತ್ತಿರಲಿಲ್ಲ, ಅಷ್ಟೆ.

ಯಾಕೆಂದು ನನಗೆ ಕೂಡಲೇ ಗೊತ್ತಾಯಿತು. ಪ್ರತಿ ಡಬ್ಬಿಯೂ ತನ್ನ ಸುದ್ದಿಗೆ ಒಂದು ಕ್ರಮಸಂಖ್ಯೆ ಹಾಕಿ ಕಳಿಸುತ್ತದೆ. ಪಕ್ಕದ್ದು ಆ ಸಂಖ್ಯೆ ನೆನಪಿಟ್ಟುಕೊಳ್ಳುತ್ತದೆ, ಕಳಿಸಿದ್ದನ್ನು ಪಟ್ಟಿಯಿಂದ ತೆಗೆದ ಮೇಲೂ. ಮುಂದೆ ಬಂದದ್ದು ಅದಕ್ಕಿಂತ ದೊಡ್ಡದಾಗಿದ್ದರೆ ಹೊಸ ಸುದ್ದಿ, ಇಲ್ಲದಿದ್ದರೆ ಹಳೆಯದು, ಒಮ್ಮೆ ಕೇಳಿದ್ದು, ಎಸೆ. ಒಂದೇ ಸುದ್ದಿ ತೋಟದಲ್ಲಿ ಗಿರಗಿರನೆ ಸುತ್ತಬಾರದು ಎಂದು ಈ ನಿಯಮ. ಈಗ ಬ್ಯಾಟರಿ ಪೂರ್ತಿ ಖಾಲಿಯಾಗಿ ಮತ್ತೆ ಎದ್ದ ಡಬ್ಬಿಗೆ ಹಿಂದಿನದೊಂದೂ ನೆನಪಿಲ್ಲ. ಅದು ಒಂದರಿಂದ ಎಣಿಕೆ ಶುರು ಮಾಡಿತ್ತು. ಪೂಜೆ ಆಗದೆ ಉಳಿದ ದೂರದ ಡಬ್ಬಿಗಳಿಗೂ, ಕರೆಂಟಿನ ಮೇಲೆ ಓಡುವ ಪಂಪ್‌ಹೌಸಿನ ಡಬ್ಬಿಗೂ ಹಳೆಯದೆಲ್ಲ ನೆನಪಿತ್ತು. ಅವು ಇವುಗಳ ಪ್ರತಿ ಮಾತನ್ನೂ ಹಳೆಯದೆಂದು ಎಸೆಯುತ್ತಿದ್ದವು. ಇಡೀ ಮಳೆಗಾಲ ಮಾತಾಡಿದ ಡಬ್ಬಿ, ತನ್ನ ಹಳೆಯ ಸಂಖ್ಯೆ ದಾಟುವವರೆಗೆ, ಮತ್ತೆ ಅಷ್ಟೇ ಕಾಲ ಗೋಡೆಗೆ ಮಾತಾಡಬೇಕಿತ್ತು.

ಮೊದಲಿನ ಮೇಷ್ಟ್ರಾಗಿದ್ದರೆ ಎಲೆಅಡಿಕೆ ಮೆಲ್ಲುತ್ತಲೇ ಇದನ್ನು ಹೇಳಿಬಿಡುತ್ತಿದ್ದರು. ಈಗ ಪಂಪ್‌ಹೌಸಿನ ಕಟ್ಟೆಯ ಮೇಲೆ ಕುಳಿತು ಲ್ಯಾಪ್‌ಟಾಪಿನಲ್ಲಿ ಓಡುತ್ತಿದ್ದ ಸಾಲುಗಳನ್ನು ನೋಡುತ್ತಲೇ ಇದ್ದರು. ಸಂಖ್ಯೆ ಒಂದು, ಎರಡು, ಮೂರು ಎಂದು ಓದಿದರು. ಅದರ ಮೇಲೆ ಕಣ್ಣು ಹಾಯಿಸಿ ಮುಂದೆ ಹೋದರು. ಮತ್ತೆ ಮೊದಲಿನಿಂದ ಓದಿದರು, ಮತ್ತೆ ದಾಟಿಹೋದರು. ನಾನು ಪಕ್ಕದಲ್ಲಿ ನಾಲಿಗೆ ಕಚ್ಚಿಕೊಂಡು ಕುಳಿತಿದ್ದೆ. ಮಾತು ಕೊಟ್ಟಾಗಿತ್ತು. ತಡೆಯಲಾರದೆ, ಎಲ್ಲ ಡಬ್ಬಿಗಳನ್ನೂ ಒಮ್ಮೆ ಆರಿಸಿ ಹಚ್ಚಿದರೆ ಸರಿಹೋಗುತ್ತದೆ ಸಾರ್, ಎಲ್ಲವೂ ಒಂದರಿಂದ ಶುರು ಮಾಡುತ್ತವೆ ಎಂದೆ.

ಅವರು ತಲೆ ಎತ್ತಿದರು. "ಎಲ್ಲರಿಗೂ ಮರೆಸಿ ಸರಿ ಮಾಡದು ರಿಪೇರಿನಾ?" ಅಂದರು.

ಎಷ್ಟೋ ದಿನದ ಮೇಲೆ ಗದರಿದ್ದರು. ನನಗೆ ಖುಷಿಯೇ ಆಯಿತು. ಆದರೆ ಮತ್ತೆ ಸಾಲುಗಳ ಮೇಲೆ ಬಗ್ಗಿದವರಿಗೆ ಏನೂ ಸಿಗಲಿಲ್ಲ. ವಾಪಸು ಬರುವಾಗ ಬಸ್ಸಿನ ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತರು. ನಾನು ನೋಡಲಿಲ್ಲವೆಂದು ಅಂದುಕೊಂಡಿದ್ದರು. ಹೊಳಲ್ಕೆರೆ ಬರುವವರೆಗೆ ನಾನೂ ಆಚೆ ಕಡೆ ನೋಡುತ್ತಾ ಕುಳಿತೆ.

ಆಮೇಲೆ ಬಹಳ ದಿನ ಅವರು ಪ್ರೋಗ್ರಾಮನ್ನು ತುದಿಯಿಂದ ಬುಡದವರೆಗೆ ಓದಿದರು, ಸಾಲು ಸಾಲಾಗಿ, ಗಟ್ಟಿಯಾಗಿ. ಸುದ್ದಿ ತೆಗೆದುಕೊಳ್ಳುವ ಭಾಗಕ್ಕೆ ಬಂದಾಗೆಲ್ಲ ನನ್ನ ಕಿವಿ ನಿಮಿರುತ್ತಿತ್ತು. "ಬಂದ ಸಂಖ್ಯೆ ಹಳೇ ಸಂಖ್ಯೆಗಿಂತ ದೊಡ್ಡದಿಲ್ಲ. ಅಂದ್ರೆ ಎಸಿ" ಎಂದು ಓದುವರು. ಅವರ ನಾಲಿಗೆ ಅಲ್ಲಿ ತಡವರಿಸಲಿಲ್ಲ. ಸಾಲು ಸರಿಯಾಗಿಯೇ ಇತ್ತಲ್ಲ, ತಡವರಿಸಲು ಅಲ್ಲಿ ಏನಿತ್ತು? ಅಲ್ಲಿ ಇಲ್ಲದ್ದೇ ತಪ್ಪು. ನಾನೇ ಸೇರಿಸಿಬಿಡಲೇ ಎಂದು ಎಷ್ಟು ಸಲ ಅನ್ನಿಸಿತೋ. ಹತ್ತು ಸಾಲಿನ ಕೆಲಸ, ಮರುದಿನ ಅದನ್ನು ಯಾರು ಬರೆದರೆಂದು ಅವರಿಗೆ ನೆನಪೂ ಇರುತ್ತಿರಲಿಲ್ಲ. ಅದಕ್ಕೇ ನನಗೆ ಮನಸ್ಸಾಗಲಿಲ್ಲ.

ಒಂದು ಭಾನುವಾರ ನಾನು ಹೋದಾಗ ಅವರಿಗಿನ್ನೂ ಕಾಫಿ ಆಗಿರಲಿಲ್ಲ. ಅಮ್ಮ ಲೋಟ ಕೈಗೆ ಕೊಟ್ಟು, ದಿನದ ಹಾಗೆ ಒಪ್ಪಿಸಿದರು. ನಿನ್ನೆ ಸುದ್ದಿ ಕಳಿಸುವ ಭಾಗ ಪೂರ್ತಿ ಓದಿದಿರಿ, ತಪ್ಪು ಸಿಗಲಿಲ್ಲ, ಇವತ್ತು ತೆಗೆದುಕೊಳ್ಳುವ ಭಾಗ ನೋಡಬೇಕಂತೆ ಎಂದರು. ಮೇಷ್ಟ್ರು ಲೋಟ ಹಿಡಿದುಕೊಂಡು ಅವರನ್ನೇ ನೋಡಿದರು. ಅದು ನಿನಗೆ ಹೇಗೆ ಗೊತ್ತು ಎಂದು ಕೇಳಿದರು. ನಿನ್ನೆ ನೀವೇ ಮಾಡಿದ್ದಲ್ಲವೇ ಎಂದರು ಅಮ್ಮ. ನನಗೆ ನೆನಪಿಲ್ಲವಲ್ಲ ಎಂದರು ಇವರು.

"ನಿಮಗಿಲ್ಲ. ನಂಗೈತೆ," ಅಂದರು ಅಮ್ಮ. "ಅದಕ್ಕೇ ಹೇಳ್ತಿರದು."

ಮೇಷ್ಟ್ರು ಲೋಟ ಕೆಳಗಿಟ್ಟರು. ಇನ್ನೊಂದು ಸಲ ಹೇಳು ಎಂದರು. ಅಮ್ಮ ಗಾಬರಿಯಾಗಿ ನನ್ನ ಮುಖ ನೋಡಿ, ಮತ್ತೆ ಹೇಳಿದರು. ಆಮೇಲೆ ಅವರು ನನ್ನ ಕಡೆ ತಿರುಗಿದಾಗ ಅವರ ಕಣ್ಣಿನಲ್ಲಿ ಹಳೆಯ ಮೇಷ್ಟ್ರಿದ್ದರು.

"ಎದ್ದ ಡಬ್ಬಿ ಎಲ್ಲಾ ಮರ್ತೈತೆ ಕಣಮ್ಮ. ಪಕ್ಕದ್ದು ಮರ್ತಿಲ್ಲ. ಹಳೇದು ಅಂತ ಎಸೆಯೋ ಬದ್ಲು, ನೀನು ಇಲ್ಲಿಗೆ ನಿಲ್ಸಿದ್ದೆ ಅಂತ ಅದೇ ಹೇಳಿ ಕಳಿಸ್ಲಿ. ಇದು ಅಲ್ಲಿಂದ ಮುಂದಕ್ಕೆ ಎಣಿಸ್ಲಿ."

ಇದೇನೂ ಲೋಕದಲ್ಲಿ ಯಾರಿಗೂ ಹೊಳೆಯದ ಉಪಾಯವಲ್ಲ. ಹಳೆಯ ಪ್ರೋಟೋಕಾಲುಗಳಲ್ಲಿ ಇದೆ. ಒಂದು ಕಾಲಕ್ಕೆ ಮೇಷ್ಟ್ರೇ ಕ್ಲಾಸಿನಲ್ಲಿ ನಮಗೆ ಹೇಳಿಕೊಟ್ಟದ್ದು. ಅದನ್ನೂ ಅವರು ಮರೆತಿದ್ದರು. ಮರೆತದ್ದನ್ನು ಎರಡನೆಯ ಸಲ ತಾವೇ ಕಂಡುಹಿಡಿದರು. ನಾನು ಎದ್ದು ಅಡುಗೆಮನೆಗೆ ಹೋಗಿ, ಅಮ್ಮನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತುಬಿಟ್ಟೆ. ಆಕೆಗೆ ಏನಾಯಿತೆಂದೇ ತಿಳಿಯಲಿಲ್ಲ. ತಾನೇನಾದರೂ ತಪ್ಪು ಹೇಳಿದೆನೇ ಎಂದು ಕೇಳಿದರು.

ಆ ಹತ್ತು ಸಾಲು ಬರೆಯಲು ಮೇಷ್ಟ್ರಿಗೆ ಬಹಳ ಕಾಲ ಹಿಡಿಯಿತು. ಅಲ್ಪವಿರಾಮಕ್ಕೂ ಅರ್ಧವಿರಾಮಕ್ಕೂ ತಡಕಾಡುವರು. ಬೆಳಗ್ಗೆ ಅಮ್ಮ ಹೇಳುವರು, ಇವರು ಬರೆಯುವರು, ಸಂಜೆಗೆ ಮರೆಯುವರು. ಮುಗಿದ ದಿನ ನಮ್ಮಿಬ್ಬರನ್ನೂ ಕೂರಿಸಿಕೊಂಡು ಓದಿ ಹೇಳಿದರು. ಎಲ್ಲಿಯೂ ತಡವರಿಸಲಿಲ್ಲ.

ತೋಟಕ್ಕೆ ಹೋಗಿ ಎಲ್ಲ ಡಬ್ಬಿಗೂ ಅದನ್ನು ಹಾಕಿ ಒಂದಷ್ಟು ದಿನ ಓಡಲು ಬಿಟ್ಟೆವು. ಮತ್ತೆ ಹೋದಾಗ ಅಮ್ಮನೂ ಜೊತೆಗೆ ಬಂದಿದ್ದರು. ಮೇಷ್ಟ್ರು ಪಂಪ್‌ಹೌಸಿನಲ್ಲಿ ಲ್ಯಾಪ್‌ಟಾಪಿನ ಮುಂದೆ ಕುಳಿತರು. ನಾನು ತೋಟದ ನಡುವೆ ಹೋಗಿ ಒಂದು ಡಬ್ಬಿಯ ಬ್ಯಾಟರಿ ಕಿತ್ತು, ಸ್ವಲ್ಪ ತಡೆದು ಮತ್ತೆ ಹಾಕಿದೆ. ಅಲ್ಲಿಂದಲೇ ಫೋನಿನಲ್ಲಿ ಅವರ ದನಿ ಕೇಳುತ್ತಿತ್ತು. ಒಂದು ಅಂತ ಬಂತು ಎಂದರು. ನಾನು ಫೋನನ್ನು ಕಿವಿಗೆ ಒತ್ತಿಕೊಂಡೆ. ಆಮೇಲೆ, ಪಕ್ಕದ್ದು ಹೇಳ್ತು, ಹೇಳ್ತು ಕಣಮ್ಮ, ಇದು ಕೇಳಿಸ್ಕಂಡು ಮುಂದಕ್ಕೆ ಎಣಿಸ್ತಾ ಐತೆ ಎಂದು ಕೂಗಿದರು. ನಾನು ಓಡಿ ಬಂದಾಗ ಅಕ್ಕತಮ್ಮ ಇಬ್ಬರೂ ಕೈ ಕೈ ಹಿಡಿದುಕೊಂಡು ನಿಂತಿದ್ದರು. ದೊಡ್ಡಮ್ಮ ಎಳನೀರು ಕೆತ್ತಿಸಿದರು. ಇನ್ನು ನಾನು ಯಾರ ಹಣೆಗೂ ಬಳಿಯಲ್ಲಪ್ಪ ಎಂದು ನಗಿಸಿದರು. ಮೇಷ್ಟ್ರನ್ನು ನಾನು ಅಷ್ಟು ಸಂತೋಷವಾಗಿ ಕಂಡದ್ದು ಅದೇ ಕೊನೆ.

ಮುಂದಿನ ಬೇಸಿಗೆಯ ಹೊತ್ತಿಗೆ ಅವರಿಗೆ ಪ್ರೋಗ್ರಾಮು ಓದಲು ಆಗುತ್ತಿರಲಿಲ್ಲ. ಆಮೇಲೆ ತೋಟವೊಂದಿದೆ ಎನ್ನುವುದು ಹೋಯಿತು. ಅಕ್ಕ ಎನ್ನುವುದು ಮಾತ್ರ ಉಳಿದಿತ್ತು. ನಾನು ಹೋದಾಗೆಲ್ಲ, ಸಾರ್ ನೀವು ಕಾಲೇಜಿನಲ್ಲಿದ್ದಿರಿ, ನೀವು ಇಂಥದ್ದನ್ನು ಬರೆದಿರಿ, ಇಲ್ಲಿಯವರೆಗೆ ಬಂದಿದ್ದೀರಿ ಎಂದು ಹೇಳುತ್ತಲೇ ಇದ್ದೆ. ಹಿಡಿದಿಟ್ಟುಕೊಳ್ಳಬಹುದು ಎಂಬ ಹುಚ್ಚು ಆಸೆ ನನಗೆ. ಡಬ್ಬಿಗೆ ಆದದ್ದು ಇವರಿಗೆ ಯಾಕೆ ಆಗಬಾರದು ಎಂದು ಒಳಗೊಳಗೇ ಹಟ ಹಿಡಿದಿದ್ದೆ.

ಹೀಗಿರುವಾಗ ಒಂದು ದಿನ ಅಮ್ಮ, ತಾನು ಬೆಳಗ್ಗೆ ಹೇಳುವುದನ್ನು ನಿಲ್ಲಿಸಿಬಿಟ್ಟೆ ಎಂದರು. ನನಗೆ ಎಲ್ಲಿತ್ತೋ ಕೋಪ. ನೀವೇ ಕೈಬಿಟ್ಟರೆ ಅವರಿಗೆ ಯಾರಿದ್ದಾರೆ ಎಂದು ಕೇಳಿಬಿಟ್ಟೆ. ಅಮ್ಮ ಒಗೆದ ಬಟ್ಟೆ ಮಡಿಸುತ್ತಿದ್ದರು. ಮಡಿಸುವುದನ್ನು ನಿಲ್ಲಿಸಲಿಲ್ಲ.

"ಬೆಳಗ್ಗೆ ಎದ್ರೆ ಕಾಲೇಜಿಗೆ ಹೊತ್ತಾಯ್ತು ಅಂತಾರೆ. ಇಲ್ಲ, ನಿಮಗೆ ಮರೆವಿನ ಕಾಯ್ಲೆ ಐತೆ, ಕಾಲೇಜು ಬಿಟ್ರಿ ಅಂತ ನಾನು ಹೇಳ್ಬೇಕು. ದಿನಾ ಹೊಸದಾಗಿ ಕೇಳಿಸ್ಕಂತಾರೆ. ದಿನಾ ಹೊಸದಾಗಿ ಅಳ್ತಾರೆ. ನೀನು ಬಂದು ಹೋಗ್ತೀಯ ತಾಯಿ. ನಾನು ಆ ಮುಖ ದಿನಾ ನೋಡ್ಬೇಕು. ಇನ್ನು ನನ್ನ ಕೈಲಿ ಆಗಲ್ಲ."

ಈಗ ಏನು ಹೇಳುತ್ತೀರಿ ಎಂದು ಕೇಳಿದೆ. ಇವತ್ತು ಕಾಲೇಜಿಗೆ ರಜೆ ಎನ್ನುತ್ತೇನೆ, ಹೌದಾ ಎಂದು ಖುಷಿಯಾಗಿ ಮತ್ತೆ ಮಲಗುತ್ತಾರೆ ಎಂದರು. ನಾನು ಅವರ ಜೊತೆ ಕುಳಿತು ಉಳಿದ ಬಟ್ಟೆ ಮಡಿಸಿದೆ. ಆವತ್ತಿನಿಂದ ನಾನೂ ಹೇಳುವುದನ್ನು ಬಿಟ್ಟೆ. ತೋಟದಲ್ಲಿ ಅವರ ಡಬ್ಬಿಗಳು ಇವತ್ತಿಗೂ ಒಂದಕ್ಕೊಂದು ಹೇಳಿಕೊಂಡು ನಡೆದಿವೆ. ದೊಡ್ಡಮ್ಮ ದಿನವೂ ಫೋನು ನೋಡುತ್ತಾರೆ. ನನಗೆ ಅದನ್ನು ನೆನೆದರೆ ಸಮಾಧಾನವೂ ಆಗುತ್ತದೆ, ಎದೆಯೂ ಒಡೆಯುತ್ತದೆ.

ಹೋದ ತಿಂಗಳು ಹೊಳಲ್ಕೆರೆಗೆ ಹೋದಾಗ ಅವರು ಹಜಾರದಲ್ಲಿ ಕುಳಿತಿದ್ದರು. ಒಗೆದ ಅಂಗಿ, ಬಾಚಿದ ತಲೆ. ನನ್ನನ್ನು ನೋಡಿ ಎದ್ದು ನಿಂತು ಕೈ ಮುಗಿದರು. ಬರ್ರಿ, ಕುಂತ್ಕಳ್ರಿ ಎಂದರು. ಹದಿನೇಳರ ಹುಡುಗಿಯಾಗಿದ್ದಾಗಿನಿಂದ ನನ್ನನ್ನು ನೀನು ಎಂದವರು. ನಾನು ಕುಳಿತೆ. ಏನು ಮಾಡಿಕೊಂಡಿದ್ದೀರಿ ಎಂದು ವಿಚಾರಿಸಿದರು. ಸಿ ಭಾಷೆ ಕಲಿಯಬೇಕು ಅಂತಿದ್ದೀನಿ ಸಾರ್ ಎಂದೆ. ಯಾಕೆ ಹಾಗೆ ಬಂತೋ, ಬಾಯಿಂದ ಬಂದುಬಿಟ್ಟಿತು.

ಅವರ ಬೆನ್ನು ನೆಟ್ಟಗಾಯಿತು. ಅದೇನು ಬ್ರಹ್ಮವಿದ್ಯೆಯಲ್ಲ, ಹೇಳಿಕೊಡುವವರು ಹೆದರಿಸಿರುತ್ತಾರೆ ಅಷ್ಟೆ ಎಂದು, ಪೆನ್ನು ಕೊಡಿ ಎಂದು ಕೈ ಚಾಚಿದರು. ಅಮ್ಮ ಹಳೆಯ ಕ್ಯಾಲೆಂಡರಿನ ಹಾಳೆ ತಂದುಕೊಟ್ಟರು. ಅದರ ಬೆನ್ನಿಗೆ ಮೇನ್ ಎಂದು ಬರೆದು, ಕಂಸ ಹಾಕಿ, ಪ್ರೋಗ್ರಾಮು ಎಷ್ಟೇ ದೊಡ್ಡದಿರಲಿ, ಓಡುವುದು ಇಲ್ಲಿಂದಲೇ ಶುರು ಎಂದರು. ಒಂದು ತಪ್ಪಿಲ್ಲ. ಮುಂದಿನ ಸಾಲಿಗೆ ಹೋಗಲಾಗಲಿಲ್ಲ. ಸ್ವಲ್ಪ ಹೊತ್ತು ಹಾಳೆಯನ್ನೇ ನೋಡುತ್ತಿದ್ದು, ಇನ್ನೊಂದು ಸಲ ಮೊದಲಿನಿಂದ ಮೇನ್ ಎಂದು ಬರೆದು ಅದನ್ನೇ ಹೇಳಿಕೊಟ್ಟರು. ನಾನು ಮೊದಲ ಸಲ ಕೇಳಿದ ಹಾಗೆ ಕೇಳಿ, ಎಲ್ಲಿಂದ ಶುರು ಹೇಳಿ ನೋಡೋಣ ಎಂದು ಅವರು ಪರೀಕ್ಷೆ ಮಾಡಿದಾಗ, ಇಲ್ಲಿಂದ ಸಾರ್ ಎಂದು ಮೇನ್ ಮೇಲೆ ಬೆರಳಿಟ್ಟೆ.

ಅವರ ಮುಖ ಅರಳಿತು. ಒಳಬಾಗಿಲಲ್ಲಿ ನಿಂತಿದ್ದ ಅಮ್ಮನ ಕಡೆ ತಿರುಗಿ, "ಈ ಹುಡುಗಿ ಚುರುಕವ್ಳೆ ಕಣೇ. ನಮ್ಮ ಕಾಲೇಜಿಗೆ ಸೇರ್ಕಳಕ್ಕೆ ಹೇಳಾಣ," ಅಂದರು.

ನನಗೆ ನಲವತ್ತು ದಾಟಿದೆ. ಆಯಿತು ಸಾರ್, ಸೇರಿಕೊಳ್ಳುತ್ತೇನೆ ಎಂದೆ. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು.